ಗೋಡೆ ದಾಟಿ ಬಂದ ನೊರೆ

ನೊರೆಯ ಮೂಲ ಹುಡುಕುತ್ತ ನಮ್ಮ ಮೋರಿಯವರೆಗೆ ಬಂದು, ಅಲ್ಲಿಂದ ಇಪ್ಪತ್ತು ಮಾರು ಮುಂದಕ್ಕೆ ಹೋಗದೆ ಹಿಂದಿರುಗಿದ ಪರಿಸರ ನಿಯಂತ್ರಣ ಇಲಾಖೆಯ ಮುಖ್ಯಾಧಿಕಾರಿಗಳೇ, ಮಾನ್ಯರೇ,

ನಮ್ಮ ಬಾವಿಯ ನೀರು ಕುಡಿಯಲು ಯೋಗ್ಯವೇ ಅಲ್ಲವೇ ಎಂಬ ಒಂದೇ ಒಂದು ಪ್ರಶ್ನೆಗೆ ನಿಮ್ಮ ಕಚೇರಿ ಉತ್ತರ ಕೊಡುತ್ತಿಲ್ಲ. ಉತ್ತರ ಗೊತ್ತಿಲ್ಲ ಎಂದಲ್ಲ, ನೋಡುವ ಹಾಗೇ ಇಲ್ಲ ಎಂದು ಬರೆದಿದ್ದೀರಿ. ನಮ್ಮ ಬೀದಿಯ ನೊರೆ ವಾಯುಪಡೆಯ ನೆಲೆಯ ಗೋಡೆಯ ಕೆಳಗಿನಿಂದ ಬರುತ್ತದೆ ಎಂದು ನಾನು ದೂರಿದ್ದೇ ತಡ, ಅದು ‘ರಕ್ಷಣಾ ಚಟುವಟಿಕೆ’ಯಾಗಿಬಿಟ್ಟಿತು, ರಕ್ಷಣಾ ಚಟುವಟಿಕೆ ನಿಮ್ಮ ತಪಾಸಣೆಯ ವ್ಯಾಪ್ತಿಗೆ ಬರುವುದಿಲ್ಲವಂತೆ. ನನ್ನ ಗಂಡ ಕೊನೆಯ ದಿನದವರೆಗೂ ಆ ಬಾವಿಯ ನೀರನ್ನೇ ಕುಡಿದರು. ನನ್ನ ಸೊಸೆ ಅದೇ ನೀರು ಕುಡಿದವಳು, ಈಗ ತುಂಬು ಬಸುರಿ. ಇದನ್ನು ಊರಿಗೆಲ್ಲ ಕೇಳುವಂತೆ ಬರೆಯುತ್ತಿರುವುದಕ್ಕೆ ಕ್ಷಮಿಸಿ. ನಿಮಗೊಬ್ಬರಿಗೇ ಕೇಳುವಂತೆ ಬರೆದದ್ದು ನಿಮಗೂ ಕೇಳಿಸಲಿಲ್ಲ.

ನಾನು ಲಾಂಡ್ರಿಯವಳು. ಕೆಲಸವೆಲ್ಲ ಮನೆಯ ಹಿಂದೆಯೇ: ತಗಡಿನ ಚಾವಣಿಯ ಕೆಳಗೆ ಬಟ್ಟೆ ನೆನೆಹಾಕುವ ಸಿಮೆಂಟ್ ತೊಟ್ಟಿಗಳು, ಜಗಳಗಂಟಿಯಂತೆ ಗುಡುಗುಡು ಎನ್ನುವ ಎರಡು ಯಂತ್ರ, ಇಸ್ತ್ರಿಯ ಉದ್ದನೆಯ ಮೇಜು, ಅಂಗಳದ ತುಂಬ ತಂತಿ. ಮೂಲೆಯಲ್ಲಿ ಬಾವಿ. ಅಂಗಳದಾಚೆ ಚರಂಡಿ, ಚರಂಡಿಯಾಚೆ ನೆಲೆಯ ಗೋಡೆ. ಆಸ್ಪತ್ರೆಯ ಹೊದಿಕೆಗಳನ್ನೂ ನೆಲೆಯ ಸಮವಸ್ತ್ರಗಳನ್ನೂ ನಾವೇ ಒಗೆಯುತ್ತಿದ್ದೆವು. ಕವಾಯತಿನ ದಿನ ಅಧಿಕಾರಿಗಳ ಪ್ಯಾಂಟಿನ ಗೆರೆ ನೆಟ್ಟಗೆ ನಿಂತಿದ್ದರೆ ಅದು ನನ್ನ ಗಂಡನ ಇಸ್ತ್ರಿಯ ಕೈ. ಆದ್ದರಿಂದ ನನಗೆ ದೇಶಭಕ್ತಿಯ ಪಾಠ ಹೇಳಲು ದಯವಿಟ್ಟು ಯಾರನ್ನೂ ಕಳಿಸಬೇಡಿ. ದೇಶ ಕಾಯುವವರ ಬೆವರನ್ನು ಕೈಯಾರೆ ಹಿಂಡಿದವರು ನಾವು.

ಕೆಲವು ವರ್ಷಗಳ ಹಿಂದೆ ಚರಂಡಿಯಲ್ಲಿ ನೊರೆ ಕಾಣಿಸಿಕೊಂಡಿತು. ಬಿಳಿಯ, ದಪ್ಪ ನೊರೆ. ಗಾಳಿ ಬಂದರೆ ಹಾರಿ ಎದುರುಮನೆಯ ಮೆಟ್ಟಿಲ ಮೇಲೆ ಕೂರುತ್ತಿತ್ತು. ನೊರೆ ಎಂದ ಮೇಲೆ ಲಾಂಡ್ರಿಯವರ ಮನೆಗಲ್ಲದೆ ಇನ್ನಾರ ಮನೆಗೆ ಬರುತ್ತೀರಿ? ನಿಮ್ಮ ಇನ್‌ಸ್ಪೆಕ್ಟರು ಬಂದರು. ನಮ್ಮ ಮೋರಿಗೆ ಬಾಟಲಿ ಹಿಡಿದರು, ಮುಚ್ಚಳಕ್ಕೆ ಅರಗು ಹಾಕಿದರು, ಬಾಗಿಲಿಗೆ ನೋಟಿಸು ಅಂಟಿಸಿದರು. ‘ಯಾವುದೇ ವ್ಯಕ್ತಿಯು ಜಲಮೂಲವನ್ನು ಮಲಿನಗೊಳಿಸತಕ್ಕದ್ದಲ್ಲ’ ಎಂದಿತ್ತು ಅದರಲ್ಲಿ. ‘ಯಾವುದೇ ವ್ಯಕ್ತಿ’ ಎಂಬ ಆ ಮಾತು ಆಗ ನನಗೆ ಬಹಳ ಘನವಾಗಿ ಕೇಳಿಸಿತ್ತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾವು ಕಾಯಿ ಕದ್ದಿರಲಿಲ್ಲ, ಆದರೂ ಹೆಗಲು ಮುಟ್ಟಿಕೊಂಡೆವು. “ನಮ್ಮದೇ ಇರ್ಬೇಕು ಕಣೇ. ಈ ಬೀದೀಲಿ ನೊರೆ ಮಾಡೋರು ನಮ್ಮನ್ನ ಬಿಟ್ರೆ ಇನ್ಯಾರು?” ಎಂದರು ನನ್ನ ಗಂಡ. ಮನೆಮನೆಗೆ ಹೋಗಿ ಕೈಮುಗಿದರು. ಸೋಪು ಬದಲಿಸಿದರು. ಮೋರಿಗೆ ಹೊಸದಾಗಿ ಸಿಮೆಂಟ್ ಬಳಿಸಿ, ನೀರು ತಿಳಿಯಾಗಲು ಒಂದು ಗುಂಡಿ ತೋಡಿಸಿದರು. ನೊರೆ ಮಾತ್ರ ಜಗ್ಗಲಿಲ್ಲ. ಬೀದಿಯವರು ಅವರಿಗೆ ‘ನೊರೆರಾಯ’ ಎಂದು ಹೆಸರಿಟ್ಟರು. ಅವರೂ ನಕ್ಕು, ಕರೆದರೆ ಓಗೊಡುತ್ತಿದ್ದರು. ಮನೆಗೆ ಬಂದು ಚಾಪೆಯ ಮೇಲೆ ಸುಮ್ಮನೆ ಮಲಗಿ ಚಾವಣಿ ನೋಡುತ್ತಿದ್ದುದು ಬೀದಿಯವರಿಗೆ ಗೊತ್ತಿರಲಿಲ್ಲ.

ಆಮೇಲೆ ಬಾವಿಯಲ್ಲೂ ಕಂಡಿತು. ಕೊಡ ಮೇಲಕ್ಕೆ ಎಳೆದಾಗ ಅಂಚಿಗೆ ತೆಳುವಾಗಿ ಗುಳ್ಳೆ. ಬೇರೆ ಯಾರಾದರೂ ಆಗಿದ್ದರೆ ಹೆದರಿ ಬಾವಿ ಬಿಡುತ್ತಿದ್ದರೋ ಏನೋ. ನಾವು ಹೆದರಲಿಲ್ಲ, ಯಾಕೆಂದರೆ ನಾವು ನೊರೆಯಲ್ಲೇ ಬೆಳೆದವರು, ನೊರೆಯಿಂದಲೇ ಉಂಡವರು. “ನಮ್ಮ ಸೋಪೇ ಒಸರಿ ಬಂದಿದೆ. ಸೋಪಿಗೆ ಯಾರಾದ್ರೂ ಸತ್ತಿದ್ದಾರಾ? ಕಾಯಿಸಿ ಕುಡಿದ್ರಾಯ್ತು” ಎಂದರು ನನ್ನ ಗಂಡ. ಕಾಯಿಸಿ ಕುಡಿದೆವು. ಕಾಯಿಸಿದರೆ ಹೋಗುವ ವಸ್ತು ಅದಲ್ಲ, ನೀರು ಆವಿಯಾಗಿ ಅದೇ ಉಳಿಯುತ್ತದೆ ಎಂದು ನನಗೆ ತಿಳಿಯುವ ಹೊತ್ತಿಗೆ ನನ್ನ ಗಂಡನ ಎರಡೂ ಮೂತ್ರಪಿಂಡಗಳಲ್ಲಿ ಗೆಡ್ಡೆ ಬೆಳೆದು, ಆಸ್ಪತ್ರೆಯಲ್ಲಿ ನಾವೇ ಒಗೆದ ಹೊದಿಕೆಯ ಕೆಳಗೆ ಅವರು ತೀರಿಕೊಂಡಿದ್ದರು. ಕೊನೆಯವರೆಗೂ ಅವರಿಗಿದ್ದ ಸಂಕಟ ಒಂದೇ: ತಮ್ಮಿಂದ ಬೀದಿ ಕೆಟ್ಟಿತಲ್ಲ ಎಂದು. ವೈದ್ಯರನ್ನು ಕೇಳಿದೆ. “ನೀರಿನಿಂದಲೇ ಬಂತು ಅಂತ ಹೇಳೋಕಾಗಲ್ಲಮ್ಮ. ಅಲ್ಲ ಅಂತಾನೂ ಹೇಳೋಕಾಗಲ್ಲ. ನೀರಲ್ಲಿ ಏನಿದೆ ಅಂತ ಮೊದಲು ಗೊತ್ತಾಗ್ಬೇಕಲ್ಲ” ಎಂದರು. ವೈದ್ಯರು ಹೇಳಿದ್ದಕ್ಕಿಂತ ಒಂದು ಅಕ್ಷರವನ್ನೂ ನಾನು ಹೆಚ್ಚು ಹೇಳುತ್ತಿಲ್ಲ, ಗಮನಿಸಿ.

ನೆಲೆಯಿಂದ ಬಟ್ಟೆಯ ಮೂಟೆ ತರುತ್ತಿದ್ದ ಚಾಲಕರೊಬ್ಬರಿದ್ದರು. ಬಂದಾಗಲೆಲ್ಲ ನೀರು ಕೇಳಿ ಕುಡಿಯುವವರು. “ನಿಮ್ಮ ಬಾವಿ ನೀರಿನ ರುಚೀನೇ ಬೇರೆ ಅಕ್ಕಾ” ಎನ್ನುವವರು. ಈಚೆಗೆ ಯಾಕೋ ಕೇಳುವುದನ್ನು ಬಿಟ್ಟಿದ್ದರು. ಸೊಸೆಗೆ ಆಗಷ್ಟೇ ಹೊಟ್ಟೆ ಕಾಣಿಸತೊಡಗಿತ್ತು. ಅಂದು ಅವಳೇ ಲೋಟ ತಂದುಕೊಟ್ಟಳು. ಅವರು ಕೈ ಚಾಚಿದವರು ಹಿಂದಕ್ಕೆ ಎಳೆದುಕೊಂಡರು.

“ಬೇಡಮ್ಮ.”

“ಯಾಕಣ್ಣ, ಬಾಯಾರಿಕೆ ಇಲ್ವಾ?”

ಅವರು ಅವಳ ಮುಖ ನೋಡಿದರು, ಹೊಟ್ಟೆ ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು. “ಅಕ್ಕಾ, ಈ ಹುಡುಗೀಗೂ ಕೊಡ್ಬೇಡಿ. ಒಳಗೆ ನಮಗೆಲ್ಲ ಬಾವಿ ನೀರು ಬಿಡಿ ಅಂತ ಆರ್ಡರ್ ಆಗಿ ವರ್ಷ ಆಯ್ತು. ಕ್ಯಾನ್ ನೀರು ಬರುತ್ತೆ. ಹೊರಗೆ ಬಾಯಿ ಬಿಡೋ ಹಾಗಿಲ್ಲ.” ಗಾಡಿ ಹತ್ತುತ್ತ, “ಬೆಂಕಿ ಆರಿಸೋರ ಬಟ್ಟೆ ಈ ಸಲ ಬರೀ ನೀರಲ್ಲಿ ಹಾಕಿ ನೋಡಿ” ಎಂದು ಹೇಳಿ ಹೊರಟೇಬಿಟ್ಟರು.

ನಮ್ಮ ಕಸುಬಿನಲ್ಲಿ ಮೊದಲು ತೊಟ್ಟಿಗೆ ಸೋಪು, ಆಮೇಲೆ ಬಟ್ಟೆ. ಬರೀ ನೀರಿಗೆ ಯಾರೂ ಹಾಕುವುದಿಲ್ಲ. ಅಂದು ಹಾಕಿದೆ, ಅದೂ ತೊಳೆದ ತೊಟ್ಟಿಗೆ, ದೂರದ ಬೀದಿಯ ನಲ್ಲಿಯಿಂದ ಹೊತ್ತು ತಂದ ನೀರಿಗೆ. ಅಗ್ನಿಶಾಮಕರ ಆ ದಪ್ಪ ಅಂಗಿಗಳನ್ನು ಅದ್ದಿ ಕೈಯಾಡಿಸಿದೆ. ಸೋಪಿನ ಒಂದು ಚೂರೂ ಇಲ್ಲದ ತೊಟ್ಟಿಯಲ್ಲಿ ನೊರೆ ಎದ್ದಿತು, ಮೊಣಕೈವರೆಗೆ ಬಂತು. ಅದೇ ಬಿಳಿ, ಅದೇ ದಪ್ಪ. ಗೋಡೆಯಾಚೆ ಹಳೆಯ ವಿಮಾನದ ಚೌಕಟ್ಟಿಗೆ ಬೆಂಕಿ ಹಚ್ಚಿ ರಾಸಾಯನಿಕ ನೊರೆ ಸುರಿದು ಆರಿಸುವ ಅಭ್ಯಾಸ ನಡೆಯುತ್ತದೆ. ಹೊಗೆ ನಮಗೆ ಕಾಣುತ್ತಿತ್ತು. ಅಲ್ಲಿನ ಕೊಳವೆ ಚರಂಡಿಗೆ ಸೇರುವುದು ನಮ್ಮ ಮೋರಿಯಿಂದ ಇಪ್ಪತ್ತು ಮಾರು ಮೇಲೆ, ಪೊದೆಗಳ ಒಳಗೆ. ತೊಟ್ಟಿಯ ಪಕ್ಕದಲ್ಲೇ ಕುಳಿತು ಅತ್ತೆ. ಕೈಮುಗಿದು ಬೀದಿ ಸುತ್ತಿದ ಮನುಷ್ಯನನ್ನು ನೆನೆದು ಅತ್ತೆ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತ್ತು, ಮೇಕೆ ನಾಚಿಕೆಯಿಂದ ಸತ್ತಿತ್ತು. ಆ ಚಾಲಕರನ್ನು ಹುಡುಕಿಸುವ ಶ್ರಮ ಬೇಡ; ಅವರೀಗ ನಿವೃತ್ತರು. “ಬರೀರಿ ಅಕ್ಕಾ, ನಾನೂ ಎಷ್ಟೋ ವರ್ಷ ಕುಡಿದಿದ್ದೀನಿ” ಎಂದು ಅವರೇ ಹೇಳಿದ್ದಾರೆ.

ನಾನು ನಿಮ್ಮ ಕಚೇರಿಗೆ ಬಂದೆ. ಅದೇ ಇನ್‌ಸ್ಪೆಕ್ಟರು ಕುರ್ಚಿ ಕೊಟ್ಟು ಕೂರಿಸಿದರು, ಒಳ್ಳೆಯ ಮನುಷ್ಯ. “ನಿಮ್ಮ ಮೋರಿಗೆ ಇನ್ನೂ ನೂರು ಸಲ ಬಾಟಲಿ ಹಿಡೀತೀನಮ್ಮ. ಆ ಕೊಳವೆಗೆ ಹಿಡಿದ್ರೆ ನನ್ನ ಕೆಲಸ ಹೋಗುತ್ತೆ” ಎಂದರು. ಬಾವಿಯ ನೀರನ್ನಾದರೂ ನೋಡಿ ಎಂದರೆ, ಅದರಲ್ಲಿ ಏನಾದರೂ ಸಿಕ್ಕರೆ ಎಲ್ಲಿಂದ ಬಂತು ಎಂದು ಬರೆಯಬೇಕಾಗುತ್ತದೆ, ಆದ್ದರಿಂದ ನೋಡುವ ಹಾಗಿಲ್ಲವಂತೆ. ಹುಣ್ಣು ಕಂಡರೆ ಔಷಧಿ ಕೊಡಬೇಕಾಗುತ್ತದೆಂದು ಕಣ್ಣು ಮುಚ್ಚಿಕೊಳ್ಳುವ ವೈದ್ಯರನ್ನು ನೀವು ನೋಡಿದ್ದೀರಾ, ಮಾನ್ಯರೇ?

ನಮ್ಮಲ್ಲಿ ಬಟ್ಟೆ ಕೊಡುವ ವಕೀಲೆಯೊಬ್ಬರು ನಿಮ್ಮ ಕಾನೂನನ್ನು ಓದಿ ಹೇಳಿದರು. ನೆಲೆಯವರು ತುರ್ತು ಕಾರ್ಯಾಚರಣೆಗೆ ನಿಮ್ಮ ಅನುಮತಿಗಾಗಿ ಕಾಯಬೇಕಿಲ್ಲ ಎಂದಷ್ಟೇ ಅದರಲ್ಲಿದೆಯಂತೆ. ಒಪ್ಪಿದೆ. ಶತ್ರು ತಲೆಯ ಮೇಲೆ ಬಂದಾಗ ಅರ್ಜಿ ಹಿಡಿದು ನಿಮ್ಮ ಮೇಜಿನ ಮುಂದೆ ನಿಲ್ಲಲಾಗುತ್ತದೆಯೇ? ಆದರೆ ಶಾಂತಿಕಾಲದಲ್ಲಿ, ವಾರವಾರವೂ, ಸತ್ತ ವಿಮಾನಕ್ಕೆ ಬೆಂಕಿ ಹಚ್ಚಿ ಆರಿಸುವುದು ಯಾವ ತುರ್ತು? ಅನುಮತಿ ಬೇಡ ಎಂದರೆ ವಿಷ ಬಿಡಬಹುದು ಎಂದು ಅರ್ಥವೇ? ರಹಸ್ಯ ಎನ್ನುತ್ತೀರಿ. ವಿಮಾನ ಎಷ್ಟಿವೆ ಎಂದು ನಾನು ಕೇಳಿದೆನೇ? ಎಲ್ಲಿಗೆ ಹಾರುತ್ತವೆ ಎಂದೇನಾದರೂ ಕೇಳಿದೆನೇ? ನನ್ನ ಬಾವಿಯಲ್ಲಿ ಏನಿದೆ ಎಂದು ಕೇಳಿದೆ. ನನ್ನ ಬಾವಿ ಯಾವಾಗಿನಿಂದ ರಹಸ್ಯ ಸ್ಥಳವಾಯಿತು? ನೆಲೆಯ ಗೇಟಿನಲ್ಲಿ ನನ್ನ ಗಂಡ ಮೂಟೆ ಹೊತ್ತು ಹೋದರೆ ಪಾಸು ಕೇಳುತ್ತಿದ್ದರು, ಮೂಟೆ ಬಿಚ್ಚಿಸುತ್ತಿದ್ದರು. ಈ ನೀರು ಹೊರಗೆ ಬರುವಾಗ ಯಾವ ಪಾಸು ತೋರಿಸಿತು?

ಆ ವಕೀಲೆ ಇನ್ನೊಂದನ್ನೂ ಹೇಳಿದರು. ಯುದ್ಧದಲ್ಲಿ ಕೂಡ ಪ್ರಕೃತಿಗೆ ವ್ಯಾಪಕವಾದ, ದೀರ್ಘಕಾಲದ, ತೀವ್ರ ಹಾನಿ ಮಾಡಬಾರದು ಎಂದು ದೇಶದೇಶಗಳು ಒಪ್ಪಂದ ಮಾಡಿಕೊಂಡಿವೆಯಂತೆ. ಜನರ ಕುಡಿಯುವ ನೀರಿನ ಮೂಲಗಳನ್ನು ಅವರಿಗೆ ದಕ್ಕದಂತೆ ಮಾಡುವುದೂ ನಿಷಿದ್ಧವಂತೆ. ಅಂದರೆ ಗಡಿಯಾಚೆಯ ಶತ್ರುವಿನ ಬಾವಿಗೆ ಒಂದು ಕಾನೂನಿನ ಕಾವಲಿದೆ. ನಮ್ಮ ಬಾವಿಗೆ ಇರುವುದು ನೀವು. ಬೇಲಿಯೇ ಎದ್ದು ಹೊಲ ಮೇಯ್ದರೆ ಎನ್ನುತ್ತಾರೆ. ನಮ್ಮ ಬೇಲಿ ಮೇಯಲೂ ಇಲ್ಲ, ಮೇಯುವುದನ್ನು ನೋಡುವ ಅಧಿಕಾರ ತನಗಿಲ್ಲ ಎಂದು ಪತ್ರ ಬರೆಯಿತು.

ಇದನ್ನು ನಾನು ನನಗಾಗಿ ಮಾತ್ರ ಕೇಳುತ್ತಿಲ್ಲ. ಆ ನೊರೆಯಲ್ಲಿ ಮೊಣಕಾಲವರೆಗೆ ನಿಂತು ಅಭ್ಯಾಸ ಮಾಡುವ ಯೋಧರ ಅಂಗಿಯನ್ನು ನಾನು ಹಿಂಡಿದ್ದೇನೆ. ಅಂಗಿಯಲ್ಲಿ ಇಷ್ಟಿದ್ದರೆ ಮೈಯಲ್ಲಿ ಎಷ್ಟಿರಬೇಕು? ಅವರಿಗೂ ಅಮ್ಮಂದಿರಿದ್ದಾರೆ. ಆ ಮೂಟೆಗಳನ್ನು ನಾನು ಈಗ ಮುಟ್ಟುವುದಿಲ್ಲ. ನೆಲೆಯ ಕೆಲಸ ಬಿಟ್ಟಿದ್ದೇನೆ. ಸೊಸೆಗೆ ನಲ್ಲಿಯ ನೀರು ಹೊತ್ತು ತರುತ್ತೇನೆ. ಆದರೆ ಅವಳು ಮದುವೆಯಾಗಿ ಬಂದಂದಿನಿಂದ ಕುಡಿದದ್ದನ್ನು ಯಾವ ಕೊಡದಲ್ಲಿ ಹಿಂದಕ್ಕೆ ತೆಗೆಯಲಿ?

ನಾನು ಕೇಳುವುದು ಇಷ್ಟೇ. ನಮ್ಮ ಮೋರಿಗೆ ಹಿಡಿದ ಬಾಟಲಿಯನ್ನೇ ಇಪ್ಪತ್ತು ಮಾರು ಮುಂದೆ ಹೋಗಿ ಆ ಕೊಳವೆಗೂ ಹಿಡಿಯಿರಿ. ಆಮೇಲೆ ನಮ್ಮ ಬಾವಿಗೆ. ಬಂದ ಫಲಿತಾಂಶವನ್ನು ನಮ್ಮ ಬಾಗಿಲಿಗೆ ಅಂಟಿಸಿ. ನೋಟಿಸು ಅಂಟಿಸಿದ ಗೋಂದಿನ ಗುರುತು ಇನ್ನೂ ಅಲ್ಲೇ ಇದೆ, ಜಾಗ ಹುಡುಕಬೇಕಿಲ್ಲ. ಆ ನೊರೆ ನನ್ನ ಗಂಡನದಲ್ಲ ಎಂದು ಒಂದು ಸಾಲು ಬರೆದು ಬೀದಿಯವರಿಗೆ ತಿಳಿಸಿ.

ಸೊಸೆ ದಿನವೂ ಸಂಜೆ ಕೇಳುತ್ತಾಳೆ, “ಅತ್ತೆ, ಆಫೀಸಿನೋರು ಏನಾದ್ರೂ ಹೇಳಿದ್ರಾ? ಮಗೂಗೆ ಹಾಲು ಕುಡಿಸ್ಬಹುದಂತಾ?” ನಾನು ಇಸ್ತ್ರಿ ಬಿಸಿ ಮಾಡುವ ನೆಪದಲ್ಲಿ ಮುಖ ತಿರುಗಿಸುತ್ತೇನೆ. ಹೆರಿಗೆಗೆ ಇನ್ನು ಕೆಲವೇ ವಾರ. ಮಗುವಿಗೆ ನಿಮ್ಮ ವ್ಯಾಪ್ತಿ ಗೊತ್ತಿಲ್ಲ, ಅದು ಕಾಯುವುದಿಲ್ಲ. ನಿಮ್ಮ ಉತ್ತರ ಅದಕ್ಕಿಂತ ಮೊದಲು ಬರಲಿ.

ಇಂತಿ,
ಶತ್ರು ದೇಶದಲ್ಲಿ ಬಾವಿ ತೋಡಿಸದೆ ತಪ್ಪು ಮಾಡಿದ,
ನೊರೆರಾಯನ ಹೆಂಡತಿ