ಅದು ಬರಲ್ಲ

ಅಕ್ಕಾ,

ನೀನು ಓದಲಾರೆ ಅನ್ನುವ ಧೈರ್ಯದಿಂದಲೇ ಇದನ್ನು ಬರೆಯುತ್ತಿದ್ದೇನೆ. ನೀನು ಬದುಕಿದ್ದಿದ್ದರೆ ಕಿವಿ ಹಿಂಡುತ್ತಿದ್ದೆ.

ಇವತ್ತು ಕಾಲೇಜಿನಲ್ಲಿ ಬೋರ್ಡಿನ ಮೇಲೆ ಒಂದು ಸೂತ್ರ ಬರೆದೆ. ಮುಂದಿನ ಬೆಂಚಿನ ಹುಡುಗಿ ಎದ್ದು, "ಸರ್, ಇಲ್ಲಿ ಎರಡರಿಂದ ಯಾಕೆ ಭಾಗಿಸ್ತೀವಿ?" ಎಂದಳು. ಇಷ್ಟು ವರ್ಷ ಪಾಠ ಮಾಡಿದ ಸೂತ್ರ. ಕಾರಣ ನನಗೇ ಗೊತ್ತಿರಲಿಲ್ಲ. "ಅದು ನನಗೆ ಬರಲ್ಲಮ್ಮ" ಎನ್ನಬೇಕಿತ್ತು. "ನನಗೆ" ಎಂಬುದನ್ನು ನುಂಗಿಕೊಂಡು, "ಅದು ಬರಲ್ಲಮ್ಮ" ಎಂದೆ.

ಪರೀಕ್ಷೆಗೆ ಬರಲ್ಲ ಎಂದುಕೊಂಡು ಇಡೀ ಕ್ಲಾಸು ನಿರಾಳವಾಯಿತು. ಅವಳು ಪುಸ್ತಕದಲ್ಲಿ ಆ ಸಾಲನ್ನು ಹೊಡೆದು ಹಾಕಿ ಕೂತಳು. ನಾನು ತಿದ್ದಲಿಲ್ಲ. "ಈಗಿನ ಮಕ್ಕಳಿಗೆ ಕಲಿಯೋ ಹಂಬಲವೇ ಇಲ್ಲ" ಎಂದು ಸ್ಟಾಫ್ ರೂಮಿನಲ್ಲಿ ದಿನಾ ಗೊಣಗುವವನೂ ನಾನೇ.

ಚಿಕ್ಕಂದಿನಲ್ಲಿ ನಾನು ಲೆಕ್ಕ ಬಿಡಿಸಲಾಗದೆ ಬಂದರೆ ನಿನ್ನ ಮುಖ ಅರಳುತ್ತಿತ್ತು. "ನಂಗೂ ಬರಲ್ಲ ಕಣೋ, ಬಾ ಕೂತ್ಕೋ, ಮಜಾ ಇದೆ" ಎಂದು ಊಟದ ತಟ್ಟೆ ಸರಿಸಿ ಜಾಗ ಮಾಡುತ್ತಿದ್ದೆ ನೀನು.

ಗಂಟೆ ಹೊಡೆಯುವ ಮುಂಚೆ ಹಿಂದಿನ ಬೆಂಚಿನವನೊಬ್ಬ ಕೇಳಿದ: "ಸರ್, ಇನ್ನೂ ಏನೇನು ಬರಲ್ಲ ಅಂತ ಹೇಳಿಬಿಡಿ, ಬರ್ಕೊಂಡ್ಬಿಡ್ತೀವಿ."

ಎಲ್ಲರೂ ಪೆನ್ನು ಎತ್ತಿಕೊಂಡರು, ಅಕ್ಕಾ. ಆ ಹುಡುಗಿಯೂ.