ಐದನೆಯ ಕಚ್ಚು

ಮಾರ್ಚ್ 3, ಬೆಳಿಗ್ಗೆ
ಗದ್ದೆ ಸುತ್ತಿ ಬಂದೆ. ಕಾಫಿ ಕುಡಿದೆ. ಇವತ್ತೂ ನೀರು ಕಡಿಮೆ. ನಾಟಿಯಾಗಿ ವಾರವೂ ಆಗಿಲ್ಲ, ಆಗಲೇ ಸಸಿಗಳ ತುದಿ ಹಳದಿ. ಕಾಲುವೆ ಮಾತ್ರ ತುಂಬಿ ಹರಿಯುತ್ತಿದೆ. ಹಾಗಾದರೆ ನನ್ನ ಪಾಲು ಎಲ್ಲಿ? ಸಾದ್ರ ಅಣ್ಣನ ಮೇಲೇ ಅನುಮಾನ. ಒಡಹುಟ್ಟಿದವನೇ... ಆದರೂ.

ಮಾರ್ಚ್ 4
ನೀರು ಹಂಚುವ ಮರದ ದಿಮ್ಮಿಗೆ ಬೆರಳಿಟ್ಟು ಅಳೆದೆ. ಹೋದ ತಿಂಗಳು ಸುಬಕ್‌ನವರು, ಅದೇ ನಮ್ಮ ನೀರಿನ ಸಂಘದವರು, ಹೊಸದು ಹಾಕಿದ್ದಾರೆ. ನೀರು ಹರಿಯಲು ಅದರಲ್ಲಿ ಕೊರೆದ ಕಚ್ಚುಗಳಲ್ಲಿ, ಅಪ್ಪನ ಕಾಲದಿಂದ ಅಣ್ಣನಿಗೆ ಎರಡು, ನನಗೆ ಎರಡು. ನನ್ನವು ಎರಡೂ ಇವೆ. ಒಂದೊಂದೂ ನಾಲ್ಕು ಬೆರಳು. ಅಂದಮೇಲೆ ಅಣ್ಣ ಕಲ್ಲು ಅಡ್ಡ ಇಡುತ್ತಿದ್ದಾನೆ. ಹಿಡಿಯಬೇಕು.

ಮಾರ್ಚ್ 5
ಬಾಳೆಗಿಡದ ಹಿಂದೆ ಅಡಗಿ ಕೂತೆ. ಅಣ್ಣ ಬಂದ. ದಿಮ್ಮಿಗೆ ಹೂವಿಟ್ಟ, ಕೈಮುಗಿದ, ಹೋದ. ಅತಿ ವಿನಯ ಧೂರ್ತ ಲಕ್ಷಣ! ಹೂವು ಎತ್ತಿ ನೋಡಿದೆ. ಕೆಳಗೆ ಏನೂ ಇಲ್ಲ.

ಮಾರ್ಚ್ 8
ಹೆಂಡತಿ ಲಸ್ತ್ರಿಗೆ ಎಲ್ಲ ಹೇಳಿದೆ.
"ಅಲ್ರೀ, ಒಟ್ಟು ಎಷ್ಟು ಕಚ್ಚಿವೆ, ಎಣಿಸಿದ್ರಾ?"
"ನಂದು ಎರಡಿದೆಯಲ್ಲ! ಉಳಿದದ್ದು ಕಟ್ಕೊಂಡು ನಂಗೇನು?"
"ನಾಕರಲ್ಲಿ ಎರಡು, ಐದರಲ್ಲಿ ಎರಡು, ಎರಡೂ ಒಂದೇನಾ?"
ಒಂದು ಅಂಟಕ್ಕಿ ಕಡುಬನ್ನು ಐದು ಹೋಳು ಮಾಡಿ, ನನಗೆ ಎರಡು ಬಡಿಸಿದಳು. ತಟ್ಟೆ ನೋಡಿದೆ. ಎರಡು ಸೇರಿದರೂ ಅರ್ಧ ಕಡುಬು ಆಗಲಿಲ್ಲ.
"ಐದನೇದು ಯಾರ್ದು?"
"ನಿಮ್ ತಂಗೀದು."
ರೆಂತಿ. ಗಂಡನನ್ನು ಬಿಟ್ಟು ಬಂದವಳು. ನಮ್ಮಲ್ಲಿ ಹೆಣ್ಣಿಗೆ ಗದ್ದೆಯಿಲ್ಲ. ಅಣ್ಣ ತನ್ನ ಒಣ ದಿಬ್ಬ ಬಿಟ್ಟುಕೊಟ್ಟನಂತೆ, ಸುಬಕ್ ಸಭೆ ಅದಕ್ಕೆ ನೀರು ಕೊಟ್ಟಿತಂತೆ. ಆ ಸಭೆಗೆ ನಾನು ಹೋಗಿರಲಿಲ್ಲ... ಹೂಳೆತ್ತಿಸಲು ಕರೆಯುತ್ತಾರೆಂದು ತಿಳಿದಿದ್ದೆ. ಲಸ್ತ್ರಿಗೂ ಗೊತ್ತಿತ್ತು! ಯಾರನ್ನು ನಂಬುವುದು?

ಮಾರ್ಚ್ 9
ರೆಂತಿಯ ಅಂಗಳದಲ್ಲೇ ನಿಂತು ಕೂಗಾಡಿದೆ. "ಎಲ್ರೂ ಸೇರ್ಕೊಂಡು ನನ್ ಗದ್ದೆ ಒಣಗಿಸ್ತಿದೀರಾ?" ಅವಳು ಪೂಜೆಗೆ ತೆಂಗಿನ ಗರಿ ಹೆಣೆಯುತ್ತಿದ್ದಳು. ತಲೆ ಎತ್ತಲಿಲ್ಲ. ತಪ್ಪಿರುವವರು ಹಾಗೆಯೇ.

ಮಾರ್ಚ್ 13, ಬೆಳಿಗ್ಗೆ
ನೀರು ಬಂದಿದೆ! ಬದುವಿನ ಮಟ್ಟ. ರೆಂತಿಯನ್ನು ಗದರಿಸಿದ್ದು ಕೇಳಿ ಅಣ್ಣ ಹೆದರಿದ. ಆದರೆ ಇಷ್ಟು ಬೇಗ? ಇದರಲ್ಲೂ ಏನೋ ಇದೆ. ನೋಡಿ ಬರುತ್ತೇನೆ.

ಅದೇ ದಿನ, ಸಂಜೆ
ಐದನೆಯ ಕಚ್ಚಿಗೆ ಯಾರೋ ಮಣ್ಣು ಮೆತ್ತಿದ್ದಾರೆ. ಒತ್ತಿದ ಬೆರಳಿನ ಗುರುತುಗಳು ಸಣ್ಣವು, ಹೆಣ್ಣಿನವು. ಕೆಳಗೆ ಅವಳ ಮಡಿ ಬಿರುಕು ಬಿಟ್ಟಿದೆ. ಸಸಿಗಳು ಮಲಗಿವೆ. ಉಳಿದ ನಾಲ್ಕು ಕಚ್ಚಿನಲ್ಲಿ ಎರಡು ನನ್ನವು. ಅರ್ಧ, ಪೂರ್ತಿ ಅರ್ಧ.
ಮಣ್ಣು ಕೀಳುತ್ತಿದ್ದೆ. ಹಿಂದಿನಿಂದ ರೆಂತಿ.
"ಬಿಡು ಅಣ್ಣಾ. ನಿಂಗೆ ನೀರು ಸಾಕಾಯ್ತಾ? ನಾನು ತಬಾನಾನ್ ಪೇಟೇಲಿ ಏನಾದ್ರೂ ಕೆಲ್ಸ ಹುಡುಕ್ಕೋತೀನಿ. ನಾಳೆ ಹೊರಡ್ತೀನಿ."
ನಾನು ಕೀಳುತ್ತಲೇ ಇದ್ದೆ. ನೀರು ನುಗ್ಗಿತು. ತಪ್ಪು ನನ್ನದೆಂದು ಅವಳ ಮುಖ ನೋಡಿ ಹೇಳಲಾಗಲಿಲ್ಲ. ಬೆಳಿಗ್ಗೆ ಬಸ್ಸು ಬರುವ ಮೊದಲು ಹೇಳಬೇಕು. ಏನೆಂದು ಇಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ರೆಂತೀ, ನಾನು...