ಅಮ್ಮ ಬಟ್ಟೆ ಎಣಿಸುತ್ತಿದ್ದಾರೆ

ಹೊಲಿಗೆ ಮನೆಯ ಮಹಡಿ
ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗನಿಗೆ,

ನಿನ್ನ ತಾಯಿ ನಾನು ಮನಸಾರೆ ಹರಸಿ ಬರೆಯುತ್ತಿದ್ದೇನೆ. ನಿನ್ನ ಆರೋಗ್ಯ ಹೇಗಿದೆ? ಬೆಟ್ಟದ ಮೇಲೆ ಗಾಳಿ ವಿಪರೀತ, ಬಾಗಿಲು ತೆರೆದರೆ ಕಾಗದಪತ್ರವೆಲ್ಲ ಹಾರಿಹೋಗುತ್ತದೆ ಎಂದು ನೀನು ಬರೆದಿದ್ದೆ. ಹೋದ ಸಲ ಕಳಿಸಿದ ಸ್ವೆಟರನ್ನು ಪೆಟ್ಟಿಗೆಯಲ್ಲಿ ಮಡಿಸಿಟ್ಟು ಕಾವಲು ಕಾಯಬೇಡ, ಹಾಕಿಕೋ. ಮಳೆ ಅಳೆಯುವುದು, ಗಾಳಿಯ ದಿಕ್ಕು ಬರೆದಿಡುವುದು ಸರ್ಕಾರಿ ಕೆಲಸ ಇರಬಹುದು. ಆದರೆ ಆ ಕೆಲಸಕ್ಕಾಗಿ ಹೊತ್ತಿಗೆ ಸರಿಯಾಗಿ ಉಣ್ಣಬಾರದು ಎಂದು ಯಾವ ಸರ್ಕಾರವೂ ಆಜ್ಞೆ ಹೊರಡಿಸಿಲ್ಲ. ಇಲ್ಲಿ ನಾನು ಚೆನ್ನಾಗಿದ್ದೇನೆ. ನಿನ್ನ ಹೆಂಡತಿಯ ಮೊಣಕಾಲು ನೋವು ವಾಸಿ. ಶಾಲೆಗಳು ತೆರೆಯುವ ಕಾಲವಾದ್ದರಿಂದ ಸಮವಸ್ತ್ರದ ಕೆಲಸ ಮೈಮೇಲೆ ಬಿದ್ದಿದೆ, ಜೊತೆಗೆ ಆಸ್ಪತ್ರೆಯ ನರ್ಸುಗಳ ಕೋಟುಗಳೂ ಇವೆ.

ನಿನ್ನ ಪತ್ರ ಬಂದು ಕೆಲವು ದಿನಗಳಾದವು. ಕೋಪದಲ್ಲಿ ಉತ್ತರ ಬರೆಯಬಾರದೆಂದು ಸುಮ್ಮನಿದ್ದೆ. 'ಅಮ್ಮ, ಅವಳ ತಲೆ ಯಂತ್ರಗಳ ನಡುವೆ ಬದುಕೋ ಅಂಥದ್ದಲ್ಲ. ತಿಂಗಳ ಕೊನೆಗೆ ಬಂದು ಕರ್ಕೊಂಡು ಹೋಗ್ತೀನಿ' ಎಂದು ಬರೆದಿದ್ದೀಯ. ಅವಳು ನಿನ್ನ ಮಗಳು, ಕರೆದೊಯ್ಯುವ ಹಕ್ಕು ನಿನಗಿದೆ, ಇಲ್ಲ ಎನ್ನಲಾರೆ. ಆದರೆ ಆ ಹುಡುಗಿ ಈ ಹೊಲಿಗೆ ಮನೆಗೆ ಏನೆಂಬುದು ನಿನಗೆ ಗೊತ್ತಿರಲಿ. ನಿಮ್ಮಪ್ಪ ಹೋದ ಮೇಲೆ ಇದನ್ನು ನಾನು ನಡೆಸಿದೆ. ನಿನಗೆ ಬೇಡವಾಯಿತು, ಹೋದೆ. ನನ್ನ ಕೈ ನಿಂತ ದಿನ ಬಾಗಿಲಿಗೆ ಬೀಗ ಎಂದುಕೊಂಡಿದ್ದೆ. ಈಗ ಅವಳು ಕೂರಿಸಿದ ಕಾಲರನ್ನು ತಿರುಗಿಸಿ ನೋಡಿದರೆ ಒಳಗು ಯಾವುದು, ಹೊರಗು ಯಾವುದು ಎಂದು ನನಗೇ ತಿಳಿಯುವುದಿಲ್ಲ. ಮೈಯಲ್ಲಿ ಮಾಂಸವಿಲ್ಲವೆಂದು ಕೆಲಸದವರು ಅವಳಿಗೆ ಸೂಜಿ ಎಂದು ಹೆಸರಿಟ್ಟಿದ್ದಾರೆ. ಆ ಸೂಜಿ ಹೋದರೆ ಈ ಮನೆಯಲ್ಲಿ ಮುಂದೆ ಹೊಲಿಯುವವರಿಲ್ಲ. ನನಗೆ ಬೇಕಾದ್ದೇನೆಂದು ಮುಚ್ಚಿಡದೆ ಹೇಳಿಬಿಟ್ಟೆ. ಇನ್ನು ನಡೆದದ್ದನ್ನು ಕೇಳು.

ಅವಳ ತಲೆನೋವು ಸುಳ್ಳಲ್ಲ, ಮೈಗಳ್ಳತನವೂ ಅಲ್ಲ. ಬಂತೆಂದರೆ ಒಂದು ಪಕ್ಕದ ಹಣೆಯಲ್ಲಿ ಯಾರೋ ಕೂತು ಕುಟ್ಟಿದ ಹಾಗೆ, ಬೆಳಕು ಕಂಡರಾಗದು, ಗುಂಡಿಯ ತೂತು ಹೊಲಿಯುವ ಕಾಜಾ ಯಂತ್ರದ ಸದ್ದು ಕೇಳಿದರೆ ವಾಂತಿ. ಡಾಕ್ಟರು ಇದಕ್ಕೆ ಮೈಗ್ರೇನ್ ಎಂದರು, ಮಾತ್ರೆ ಕೊಟ್ಟರು, ಸ್ವಲ್ಪ ಗುಣವಿದೆ. ಅದೇ ಆಸ್ಪತ್ರೆಯಲ್ಲಿ ಒಬ್ಬ ಹುಡುಗಿ ಡಾಕ್ಟರು ಇದರ ಮೇಲೆ ಸಂಶೋಧನೆ ಮಾಡುತ್ತಿದ್ದಾರೆ. ನೋವಿಲ್ಲದ ದಿನ ಸುಮ್ಮನೆ ಮಲಗಿಸಿ ಮಿದುಳಿನ ಚಿತ್ರ ತೆಗೆಯುತ್ತಾರಂತೆ. ನೋವಿಲ್ಲದಾಗ ತೆಗೆದ ಚಿತ್ರದಲ್ಲಿ ಏನು ಕಾಣುತ್ತದೆ, ಮುಚ್ಚಿದ ಅಂಗಡಿಯ ಬಾಗಿಲು ಕಂಡ ಹಾಗಲ್ಲವೇ ಎಂದು ನಾನು ಕೇಳಿದೆ. ನೋಡೋಣ ಬನ್ನಿ ಎಂದರು. ಹೋಲಿಕೆಗೆ ತಲೆನೋವೇ ಇಲ್ಲದವರೂ ಬೇಕು, ಮನೆಯವರಾದರೂ ಸರಿ ಎಂದಾಗ ನಾನು ಬರುತ್ತೇನೆಂದೆ. ನಮ್ಮ ಕಡೆಯ ತಲೆಗಳು ಗಟ್ಟಿ, ಇದೆಲ್ಲ ನಿನ್ನ ಹೆಂಡತಿಯ ತವರಿನ ಬಳುವಳಿ ಎಂದು ಲೋಕಕ್ಕೆ ಗೊತ್ತಾಗಲಿ ಎಂಬ ಆಸೆಯೂ ಇತ್ತು. ತಲೆನೋವು ಬರುತ್ತದೆಯೇ ಎಂದು ಮೊದಲೇ ಕೇಳಿದರು. ಇಲ್ಲ ಎಂದೆ. ಎದೆ ಸೆಟೆಸಿಯೇ ಹೇಳಿದೆ.

ಆ ಕೋಣೆ ಬೆಳ್ಳಗೆ, ತಣ್ಣಗೆ ಇತ್ತು. ಲೋಹದ ವಸ್ತು ಮೈಮೇಲೆ ಇರಬಾರದೆಂದು ನರ್ಸು ನನ್ನ ರವಿಕೆಯ ತೋಳಿನಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ಕಿತ್ತು ಬಟ್ಟಲಿಗೆ ಹಾಕಿದಳು. ಮುಗಿಯಿತೆಂದು ಅವಳು ತಿರುಗುವಷ್ಟರಲ್ಲಿ ಬೆನ್ನ ಹಿಂದೆ ಇನ್ನೊಂದು ಸಿಕ್ಕಿತು. 'ಅಜ್ಜಿ, ನೀವು ಮನುಷ್ಯರೋ ಪಿನ್ನಿನ ದಿಂಬೋ?' ಎಂದಳು. ನಗು ಬಂದರೂ ನಾನು ನಗಲಿಲ್ಲ. ಆಮೇಲೆ ಕೊಳವೆಯಂಥ ಯಂತ್ರದೊಳಗೆ ಮಲಗಿಸಿದರು. ಕಣ್ಣು ಮುಚ್ಚಿರಬೇಕು, ನಿದ್ದೆ ಮಾಡಬಾರದು, ಇಂಥದ್ದೇ ಎಂದು ಯಾವುದನ್ನೂ ಯೋಚಿಸಬಾರದು. ಒಳಗೆ ಸದ್ದೋ ಸದ್ದು, ನಮ್ಮ ಹಳೆಯ ಓವರ್‌ಲಾಕ್ ಯಂತ್ರವೇ ಮೇಲು. ನಾನು ಸುಮ್ಮನೆ ಮಲಗಿ ಅಭ್ಯಾಸವಿಲ್ಲದವಳು. ಅವರ ಹೊತ್ತನ್ನು ಯಾಕೆ ದಂಡ ಮಾಡಲಿ ಎಂದು ನರ್ಸುಗಳ ಕೋಟನ್ನು ಮನಸ್ಸಿನಲ್ಲೇ ಹರಡಿ, ಗುರುತು ಹಾಕಿ, ಕತ್ತರಿಸಿ, ತೋಳು ಕೂರಿಸಿ, ಜೇಬು ಹೊಲಿದು ಮುಗಿಸಿದೆ. ಹೊರಗೆ ಬಂದವಳೇ ಡಾಕ್ಟರಿಗೆ ಹೆಮ್ಮೆಯಿಂದ ಹೇಳಿದೆ. ಅವರು ಹಣೆ ಒತ್ತಿಕೊಂಡರು. 'ಅಜ್ಜಿ, ಸುಮ್ಮನೆ ಮಲಗಿ ಅಂದಿದ್ದೆನಲ್ಲ!' 'ಸುಮ್ಮನೇ ಮಲಗಿದ್ದೆನಲ್ಲಮ್ಮ, ಕೈ ಕಾಲು ಒಂದಿಷ್ಟಾದರೂ ಆಡಿಸಿದೆನೇ?' ಎಂದೆ. ಆ ಚಿತ್ರ ಕೆಲಸಕ್ಕೆ ಬರಲಿಲ್ಲ. ಮತ್ತೆ ಒಳಗೆ ಹೋಗಬೇಕಾಯಿತು.

ಎರಡನೆಯ ಸಲ ಕೋಟನ್ನು ದೂರ ಸರಿಸಿದೆ. ಬೇರೆ ಕೆಲಸಗಳು ಬಂದವು, ಅವನ್ನೂ ಸರಿಸಿದೆ. ಮಗನೇ, ಕೆಲಸವನ್ನೆಲ್ಲ ತೆಗೆದು ಆಚೆಗಿಟ್ಟ ಮೇಲೆ ಒಳಗೆ ಉಳಿಯುವುದು ನೆಮ್ಮದಿಯಲ್ಲ ಎಂದು ಈ ವಯಸ್ಸಿನಲ್ಲಿ ತಿಳಿದೆ. ನಿಮ್ಮಪ್ಪನ ಕೆಮ್ಮು ಕೇಳಿಸಿದ ಹಾಗಾಯಿತು. ಖಾಲಿ ಹೊಲಿಗೆ ಮನೆ ಕಣ್ಣಿಗೆ ಕಟ್ಟಿತು. ಯಾವಾಗ ಮುಗಿಯುತ್ತದೋ ಎನಿಸಿತು. ಆಮೇಲೆ ಡಾಕ್ಟರು ನನಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದರು. ನಾವು ಸುಮ್ಮನಿದ್ದರೂ ಮಿದುಳು ಸುಮ್ಮನಿರುವುದಿಲ್ಲ, ಅದರ ಒಂದು ಭಾಗ ಇನ್ನೊಂದರ ಜೊತೆ ಮಾತಾಡುತ್ತಲೇ ಇರುತ್ತದೆ. ಮೈಗ್ರೇನ್ ಇರುವವರಲ್ಲಿ ನೋವಿಲ್ಲದ ದಿನವೂ ಆ ಮಾತುಕತೆ ಕೆಲವು ಕಡೆ ಹೆಚ್ಚು, ಕೆಲವು ಕಡೆ ಕಡಿಮೆ, ಬೇರೆ ಥರ ಇರುವ ಹಾಗೆ ಕಾಣುತ್ತದೆ. ತುಂಬ ಜನರದ್ದನ್ನು ಒಟ್ಟಿಗೆ ನೋಡಿದಾಗ ಮಾತ್ರ ಅದು ತಿಳಿಯುವುದು, ಒಬ್ಬರ ಚಿತ್ರ ನೋಡಿ ನಿನಗೆ ಹೀಗೆ ಎಂದು ಹೇಳಲಾಗುವುದಿಲ್ಲ, ಇದರಿಂದ ಇವತ್ತೇ ಯಾರಿಗೂ ವಾಸಿಯಾಗುವುದಿಲ್ಲ ಎಂದೂ ಹೇಳಿದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದದ್ದಕ್ಕೆ ಆ ಹುಡುಗಿಯ ಮೇಲೆ ನನಗೆ ಗೌರವ ಬಂತು. ನಿನ್ನ ಮಗಳು ಪಕ್ಕದಲ್ಲಿ ಕೂತು ಕೇಳುತ್ತಿದ್ದಳು. 'ಹೌದು ಅಜ್ಜಿ, ನೋವಿಲ್ಲದ ದಿನಾನೂ ನಾನು ಕಾಯ್ತಾನೇ ಇರ್ತೀನಿ' ಎಂದಳು.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಡಾಕ್ಟರ ಎದುರಿಗೇ, 'ಅಜ್ಜಿ, ಬಟ್ಟೆ ಎಣಿಸೋ ವಿಷಯ ಹೇಳಿದ್ರಾ?' ಎಂದುಬಿಟ್ಟಳು. ನಿನಗೂ ಗೊತ್ತಲ್ಲ, ನಾನು ಆಗಾಗ ಬಟ್ಟೆ ಕೋಣೆಗೆ ಹೋಗಿ ಚಿಲಕ ಹಾಕಿಕೊಳ್ಳುವುದು. ಯಾರಾದರೂ ಹುಡುಕಿಕೊಂಡು ಬಂದರೆ 'ಅಮ್ಮ ಬಟ್ಟೆ ಎಣಿಸುತ್ತಿದ್ದಾರೆ' ಎನ್ನುವುದು, ಬಾಗಿಲು ತಟ್ಟದೆ ಇರುವುದು ನಮ್ಮ ಹೊಲಿಗೆ ಮನೆಯ ನಡವಳಿಕೆ. ಅವಳೊಮ್ಮೆ ಕಿಟಕಿಯ ಸಂದಿಯಿಂದ ನೋಡಿದ್ದಳಂತೆ, ನಾನು ಬಟ್ಟೆಯ ಥಾನುಗಳ ನಡುವೆ ತಲೆಗೆ ಒದ್ದೆ ಬಟ್ಟೆ ಬಿಗಿದು ಕತ್ತಲಲ್ಲಿ ಮಲಗಿದ್ದುದನ್ನು. ಡಾಕ್ಟರು ನನ್ನತ್ತ ತಿರುಗಿ ಮೆಲ್ಲಗೆ ಕೇಳುತ್ತ ಹೋದರು. ಒಂದೇ ಪಕ್ಕವೇ? ಬೆಳಕು ಚುಚ್ಚುತ್ತದೆಯೇ? ನೋವು ಬರುವ ಮುಂಚೆ ಎದುರಿಗಿರುವುದರಲ್ಲಿ ಅರ್ಧ ಮಾಯವಾಗುತ್ತದೆಯೇ? ಎಲ್ಲಕ್ಕೂ ಹೌದು. ನಾನು ಅದನ್ನು ತಲೆನೋವೆಂದು ಕರೆದವಳೇ ಅಲ್ಲ. ದುಡಿಯುವ ಹೆಂಗಸರಿಗೆಲ್ಲ ಹಾಗೆ ಆಗುತ್ತದೆ, ಹೇಳಿಕೊಳ್ಳುವುದು ಮರ್ಯಾದೆಯಲ್ಲ ಎಂದುಕೊಂಡಿದ್ದೆ. 'ಅಜ್ಜಿ, ನೀವು ಮೊಮ್ಮಗಳ ಗುಂಪಿನವರು' ಎಂದರು. ಅಳೆಯುವ ಟೇಪು ನಾನೆಂದು ಬೀಗಿಕೊಂಡು ಹೋದವಳು, ಅಳೆಸಿಕೊಳ್ಳುವ ಬಟ್ಟೆಯಾಗಿ ಮನೆಗೆ ಬಂದೆ.

ಊಟಕ್ಕೆ ಕೂತಾಗ ನಿನ್ನ ಹೆಂಡತಿಗೆ ನಾನೇ ಹೇಳಿದೆ. ಇನ್ನೊಬ್ಬರ ಬಾಯಿಂದ ಕೇಳುವುದು ಬೇಡವೆಂದು. ಅವಳು ನೀರಿನ ಲೋಟ ಕೆಳಗಿಟ್ಟು, 'ಹಾಗಾದ್ರೆ ಅತ್ತೆ, ನಮ್ಮ ತವರಿಗೆ ಕೊಟ್ಟಿದ್ದ ತಲೆನೋವಿನ ಬಿರುದನ್ನ ವಾಪಸ್ ತರಿಸಿಕೊಳ್ತೀರಾ?' ಎಂದಳು. ತರಿಸಿಕೊಳ್ಳುತ್ತೇನೆ ಎಂದೆ. ಮಾತು ಅಲ್ಲಿಗೇ ಮುಗಿಯಿತು, ಆದರೆ ಅಡುಗೆ ಮನೆಯಲ್ಲಿ ಅವಳು ಏನೋ ಗುನುಗುತ್ತ ಪಾತ್ರೆ ತೊಳೆದದ್ದು ನನಗೆ ಕೇಳಿಸಿತು. ಮರುದಿನ ನಿನ್ನ ಮಗಳ ಮೇಜನ್ನು ಟ್ಯೂಬ್‌ಲೈಟಿನ ಕೆಳಗಿನಿಂದ ತೆಗೆಸಿ ಹಿಂದಿನ ಕೋಣೆಗೆ ಹಾಕಿಸಿದೆ. ಕಾಲರು, ಕತ್ತರಿ ಕೆಲಸ ಅಲ್ಲಿ. ಕಾಜಾ ಯಂತ್ರ ಹೊರಗಿನ ಜಗಲಿಗೆ. ಮೈ ಸರಿಯಿಲ್ಲದ ದಿನ ಯಾರಾದರೂ ಹೇಳಿ ಮಲಗಬಹುದು, ಬಟ್ಟೆ ಎಣಿಸುವ ನಾಟಕ ಇನ್ನು ಸಾಕು ಎಂದು ಎಲ್ಲರೆದುರು ಹೇಳಿದೆ. ಬಟ್ಟೆ ಕತ್ತರಿಸುವ ಉದ್ದಣ್ಣ ಸುಮ್ಮನಿರುತ್ತಾನೆಯೇ? 'ಅಮ್ಮಾ, ಹಾಗಾದ್ರೆ ನಾಳೆಯಿಂದ ನನಗೂ ತಲೆನೋವು' ಎಂದ. 'ಅದಕ್ಕೆ ಮೊದಲು ತಲೆ ಬೇಕಾಗುತ್ತೆ ಕಣೋ' ಎಂದೆ. ಎಲ್ಲರೂ ನಕ್ಕರು. ನಿನ್ನ ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವಳು ನಕ್ಕದ್ದನ್ನು ನೋಡಿ ಬಹಳ ಕಾಲವಾಗಿತ್ತು.

ನೋವು ಮತ್ತೆ ಬಂದೇ ಬರುತ್ತದೆ, ನನಗೆ ಗೊತ್ತು. ಮೇಜು ಜರುಗಿಸಿದ ಮಾತ್ರಕ್ಕೆ ತಲೆಯೊಳಗಿನದು ಜರುಗುವುದಿಲ್ಲ. ಆದರೂ ಇಲ್ಲಿರಬೇಕೋ ಬೆಟ್ಟಕ್ಕೆ ಬರಬೇಕೋ ಎಂದು ಅವಳನ್ನು ಕೂರಿಸಿಕೊಂಡು ಕೇಳಿದೆ. ಒತ್ತಾಯ ಮಾಡಲಿಲ್ಲ, ನಿನ್ನಾಣೆ. 'ಇಲ್ಲೇ ಇರ್ತೀನಿ ಅಜ್ಜಿ, ಅಪ್ಪನಿಗೆ ನೀವೇ ಬರೀರಿ, ನಾನು ಬರೆದ್ರೆ ಅಪ್ಪ ಬೇಜಾರು ಮಾಡ್ಕೊಳ್ತಾರೆ' ಎಂದಳು. ಬರೆದಿದ್ದೇನೆ. ನಿನ್ನ ಹೆಂಡತಿ ಬೇರೆಯಾಗಿ ಬರೆಯುತ್ತಾಳೆ. ಉದ್ದಣ್ಣ ಕೇಳಿದನೆಂದು ತಿಳಿಸಲು ಹೇಳಿದ್ದಾನೆ. ಮೈ ಕಡೆ ಗಮನವಿರಲಿ. ಎಲ್ಲಿದ್ದರೂ ಸುಖವಾಗಿರು ಎಂದು ಹಾರೈಸುವ,

ನಿನ್ನ ಅಮ್ಮ

ಮರೆತ ಮಾತು: ಲಕೋಟೆ ಅಂಟಿಸುವ ಮುಂಚೆ ಇದನ್ನು ಬರೆಯದಿದ್ದರೆ ಆಗದು. ಡಾಕ್ಟರು ಕೇಳಿದ ಆ ಅರ್ಧ ಮಾಯವಾಗುವ ಪ್ರಶ್ನೆ ನನ್ನ ಕಿವಿ ಬಿಟ್ಟು ಹೋಗುತ್ತಿಲ್ಲ. ನೀನು ಹೊಲಿಗೆ ಮನೆ ಬಿಟ್ಟ ದಿನ ಯಂತ್ರದ ಮುಂದಿನಿಂದ ಎದ್ದು, 'ಅಮ್ಮ, ಹೊಲಿಗೆ ಅರ್ಧ ಕಾಣಿಸ್ತಿಲ್ಲ' ಎಂದಿದ್ದೆ. ನಾನು ಕೊಟ್ಟ ಉತ್ತರ ನಿನಗೆ ನೆನಪಿರಬಹುದು, ಅದನ್ನು ಇಲ್ಲಿ ಬರೆಯಲಾರೆ. ಅಷ್ಟು ದೂರದ, ಸದ್ದಿಲ್ಲದ ಬೆಟ್ಟವನ್ನು ನೀನು ಯಾಕೆ ಆರಿಸಿಕೊಂಡೆ ಎಂದು ಈಗ ಯೋಚಿಸುತ್ತಿದ್ದೇನೆ. ಅವಳ ತಲೆ ಎಂಥದ್ದೆಂದು ಅಷ್ಟು ಖಚಿತವಾಗಿ ಬರೆದೆಯಲ್ಲ, ನಿನಗೆ ಅದು ಹೇಗೆ ಗೊತ್ತು? ನಿನಗೂ ಈ ನೋವು ಬರುತ್ತದೆಯೇ? ಹೌದಾದರೆ ಹೌದು ಎಂದು ಒಂದು ಸಾಲು ಬರಿ, ಕಾರಣ ಕೇಳುವುದಿಲ್ಲ. ತಿಂಗಳ ಕೊನೆಗೆ ಅವಳನ್ನು ಕರೆದೊಯ್ಯಲು ಬರಬೇಡ. ನಿನ್ನನ್ನು ಡಾಕ್ಟರಿಗೆ ತೋರಿಸಲು ಬಾ, ನಾನೇ ಜೊತೆಗೆ ಬರುತ್ತೇನೆ.